ಅರಮನೆಯಿಲ್ಲದ ಅರಮನೆಯಂಗಳ

2023 ಅಕ್ಟೋಬರ್ 14, ಶನಿವಾರ
ಲಿಸ್ಬನ್

ಎಚ್ಚರವಾದಾಗ ಎಂಟು ಗಂಟೆ. ಕಿಟಕಿ ತೆರೆದರೆ ಎದುರುಮನೆಯ ಗೋಡೆ ಕೈಗೆ ಸಿಗುವಷ್ಟು ಹತ್ತಿರ. ಎರಡು ಮನೆಗಳ ನಡುವಿನ ತಂತಿಯ ಮೇಲೆ ಯಾರದೋ ನೀಲಿ ಅಂಗಿ, ಪಕ್ಕದಲ್ಲಿ ಪುಟ್ಟ ಮಗುವಿನ ಕಾಲುಚೀಲಗಳು. ಲಿಸ್ಬನ್ನಿನ ಹಳೆಯ ಬಡಾವಣೆ ಅಲ್ಫಾಮಾದ ಓಣಿಗಳೇ ಹೀಗೆ. ಈ ಹೆಸರು ಅರಬ್ಬರ ಕಾಲದ್ದು, ಬಿಸಿನೀರಿನ ಬುಗ್ಗೆಗಳಿಂದ ಬಂದದ್ದು.

ನಿನ್ನೆ ರಾತ್ರಿ ಇಲ್ಲಿಗೆ ಬಂದಾಗ ಮನೆಯೊಡತಿಗೆ ನಮ್ಮ ಇಂಗ್ಲಿಷ್ ಅರ್ಥವಾಗಲಿಲ್ಲ, ನಮಗೆ ಅವರ ಪೋರ್ಚುಗೀಸ್ ತಿಳಿಯಲಿಲ್ಲ. ಅವರು ಒಂದೊಂದೇ ವಸ್ತುವನ್ನು ಮುಟ್ಟಿ ಹೆಸರು ಹೇಳುತ್ತಾ ಹೋದರು. ಬೀಗದ ಕೈ ಕೊಟ್ಟು ‘ಶಾವ್’ ಎಂದರು. ಕಿಟಕಿಯತ್ತ ತಿರುಗಿ ‘ಜನೆಲಾ’ ಎಂದರು. ಬಟ್ಟೆಯ ಕಪಾಟನ್ನು ತೆರೆದು ‘ಅರ್ಮಾರಿಯು’ ಎಂದರು. ಇವರು ನನ್ನ ಮುಖ ನೋಡಿದರು, ನಾನು ಇವರ ಮುಖ ನೋಡಿದೆ. ಚಾವಿ, ಜನೆಲ, ಅಲಮಾರು! ಐನೂರು ವರ್ಷಗಳ ಹಿಂದೆ ಇದೇ ಊರಿನಿಂದ ಹೊರಟ ಹಡಗುಗಳ ಬೆನ್ನಿಗೆ ಬಂದು ಕನ್ನಡದಲ್ಲೇ ಉಳಿದುಬಿಟ್ಟ ಮಾತುಗಳು. ಅವುಗಳ ತವರಿಗೆ ಬಂದಿದ್ದೇವೆ ಎನ್ನಿಸಿ ನನಗೆ ತುಂಬ ಹೊತ್ತು ನಿದ್ದೆ ಹತ್ತಲಿಲ್ಲ.

ಇವರು ಬರೆದುಕೊಂಡು ಬಂದ ಪಟ್ಟಿಯಲ್ಲಿ ಹದಿನಾಲ್ಕು ಜಾಗಗಳಿದ್ದವು. ಬೆಳಗಿನ ‘ಬಿಕಾ’ ಮುಗಿಯುವಷ್ಟರಲ್ಲಿ ನಾಲ್ಕು ಉಳಿದವು. ಬಿಕಾ ಎಂದರೆ ಪುಟ್ಟ ಲೋಟದ ಕಡುಗಾಫಿ. ಲಿಸ್ಬನ್ನಿನವರು ಅದನ್ನು ಕರೆಯುವುದೇ ಹಾಗೆ. ಎರಡು ದಿನಗಳಲ್ಲಿ ಒಂದು ಊರನ್ನು ನೋಡಿ ಮುಗಿಸುವ ಹಟ ನನಗೆ ಯಾವತ್ತೂ ಇಷ್ಟವಿಲ್ಲ. ಇವರ ಮೊಣಕಾಲಿನ ನೋವೂ ಪೂರ್ತಿ ಹೋಗಿಲ್ಲ.

28ನೇ ನಂಬರಿನ ಹಳದಿ ಟ್ರಾಮ್ ಕಾಲಿಡಲು ಜಾಗವಿಲ್ಲದಷ್ಟು ತುಂಬಿ ಬಂತು. ಹತ್ತದೆ, ಗೋಡೆಗೆ ಬೆನ್ನು ಹಚ್ಚಿ ನಿಂತು ಅದಕ್ಕೆ ದಾರಿ ಬಿಟ್ಟೆವು. ಓಣಿ ಎಷ್ಟು ಕಿರಿದೆಂದರೆ ಟ್ರಾಮ್ ಬಂದಾಗ ಜನ ಹತ್ತಿರದ ಬಾಗಿಲಿನೊಳಗೆ ಸರಿಯಬೇಕು. ಟ್ರಾಮ್ ನಡೆಸುವವರನ್ನು ಇಲ್ಲಿ ‘ಗುವಾರ್ದಾ ಫ್ರೇಯು’ ಎನ್ನುತ್ತಾರೆ. ಬ್ರೇಕಿನ ಕಾವಲುಗಾರ ಎಂದು ಅರ್ಥ. ಈ ಇಳಿಜಾರುಗಳನ್ನು ನೋಡಿದ ಮೇಲೆ ಎಷ್ಟು ಸರಿಯಾದ ಹೆಸರು ಎನ್ನಿಸಿತು.

ನಡೆದೇ ‘ಫೇಯ್ರಾ ದ ಲಾದ್ರಾ’ಕ್ಕೆ ಹೋದೆವು. ಮಂಗಳವಾರ ಮತ್ತು ಶನಿವಾರ ಸೇರುವ ಹಳೆಯ ಸಾಮಾನುಗಳ ಸಂತೆ ಇದು. ನೆಲದ ಮೇಲೆ ಹಾಸಿದ ಬಟ್ಟೆಯಲ್ಲಿ ತುಕ್ಕು ಹಿಡಿದ ಚಾವಿಗಳು, ಯಾರದೋ ಮದುವೆಯ ಫೋಟೊ, ಬಿಡಿ ಬಿಡಿ ಟೈಲ್‌ಗಳು. ನೀಲಿ ಹಕ್ಕಿಯಿದ್ದ ಒಂದು ಹಳೆಯ ಟೈಲ್ ನನ್ನ ಕೈಯಲ್ಲೇ ಇತ್ತು, ಕೊಳ್ಳುವ ಮನಸ್ಸೂ ಇತ್ತು. ಆದರೆ ಹಳೆಯ ಮನೆಗಳ ಗೋಡೆಯಿಂದ ಟೈಲ್ ಕಿತ್ತು ಮಾರುವ ಕಳ್ಳತನ ಈ ದೇಶವನ್ನು ಬಹಳ ಕಾಡಿದೆ. ಅದನ್ನು ತಡೆಯಲು ಪೊಲೀಸ್ ಇಲಾಖೆಯ ಮ್ಯೂಸಿಯಮ್ಮೇ 2007ರಲ್ಲಿ ಒಂದು ಯೋಜನೆ ಆರಂಭಿಸಿತ್ತು. ಈ ಹಕ್ಕಿ ಯಾವ ಗೋಡೆಯದೋ ಏನೋ. ಕೆಳಗಿಟ್ಟು ಎದ್ದೆ.

ಸಂತೆಯ ಪಕ್ಕದಲ್ಲೇ ಸಾಂತಾ ಎಂಗ್ರಾಸಿಯಾ. ಈಗ ಅದು ದೇಶದ ಗಣ್ಯರ ಸಮಾಧಿ ಮಂದಿರ. ಇಲ್ಲಿನ ವಿಷಾದದ ಹಾಡು ಫಾದೊದ ಗಾಯಕಿ ಅಮಾಲಿಯಾ ರೊಡ್ರಿಗೆಸ್ ಅವರ ಸಮಾಧಿಯೂ ಇಲ್ಲಿದೆ. 1682ರಲ್ಲಿ ಕಟ್ಟಲು ತೊಡಗಿದ ಈ ಚರ್ಚಿನ ಗುಮ್ಮಟ ಪೂರ್ತಿಯಾದದ್ದು 1966ರಲ್ಲಿ. ಮುಗಿಯದ ಕೆಲಸವನ್ನು ಇಲ್ಲಿನವರು ‘ಸಾಂತಾ ಎಂಗ್ರಾಸಿಯಾದ ಕೆಲಸ’ ಎನ್ನುತ್ತಾರೆ. ಚರ್ಚಿನ ಕೆಲಸ ಮುಗಿದು ಅರ್ಧ ಶತಮಾನ ದಾಟಿದರೂ ಆ ಮಾತು ಹಾಗೆಯೇ ಉಳಿದಿದೆ.

ಮಧ್ಯಾಹ್ನವೆಲ್ಲ ಸಾಂತಾ ಲುಝಿಯಾದ ಕಟ್ಟೆಯ ಮೇಲೆ ಕಳೆಯಿತು. ಕೆಳಗೆ ಕೆಂಪು ಹೆಂಚಿನ ಮಾಡುಗಳು, ಅವುಗಳಾಚೆ ಸಮುದ್ರದಂತೆ ಹರಡಿಕೊಂಡ ತೇಜು ನದಿ. ಎಲ್ಲರೂ ನದಿಗೆ ಮುಖ ಮಾಡಿ ಫೋಟೊ ತೆಗೆಯುತ್ತಿದ್ದರು. ನಾನು ತಿರುಗಿ ಚರ್ಚಿನ ಗೋಡೆ ನೋಡಿದೆ. ನೀಲಿ ಟೈಲ್‌ಗಳಲ್ಲಿ ಒಂದು ದೊಡ್ಡ ಬಯಲು, ಅದರಂಚಿಗೆ ಅರಮನೆ, ಮುಂದೆ ಹಡಗುಗಳು. ಭೂಕಂಪಕ್ಕಿಂತ ಮುಂಚಿನ ಲಿಸ್ಬನ್ ಅದು.

1755ರ ನವೆಂಬರ್ 1. ಸಕಲ ಸಂತರ ಹಬ್ಬದ ಬೆಳಿಗ್ಗೆ. ಜನರೆಲ್ಲ ಚರ್ಚುಗಳಲ್ಲಿದ್ದರು, ಎಲ್ಲೆಲ್ಲೂ ಮೇಣದಬತ್ತಿ ಹಚ್ಚಿತ್ತು. ನೆಲ ನಡುಗಿ ಛಾವಣಿಗಳು ಕುಸಿದವು. ಬಯಲೇ ಸುರಕ್ಷಿತವೆಂದು ನದೀತೀರಕ್ಕೆ ಓಡಿದವರ ಮೇಲೆ ಸುನಾಮಿ ಬಂತು. ಮೇಲೆ ಊರಿನಲ್ಲಿ ಹತ್ತಿದ ಬೆಂಕಿ ದಿನಗಟ್ಟಲೆ ಉರಿಯಿತು. ಅರಮನೆಯ ಜೊತೆಗೆ ಅದರ ಗ್ರಂಥಾಲಯವೂ ಹೋಯಿತು. ರಾಜಕುಟುಂಬ ಅಂದು ಊರಿನಲ್ಲಿರಲಿಲ್ಲವಾಗಿ ಉಳಿಯಿತು. ಆದರೆ ರಾಜ ಮೊದಲನೇ ಜೋಸೆಯ ಎದೆಯಲ್ಲಿ ಹೊಕ್ಕ ಭಯ ಹೊರಗೆ ಹೋಗಲೇ ಇಲ್ಲ. ಕಲ್ಲಿನ ಗೋಡೆಗಳ ನಡುವೆ ಮಲಗಲು ಒಪ್ಪದೆ, ಅಜುದಾ ಗುಡ್ಡದ ಮೇಲೆ ಡೇರೆಗಳಲ್ಲಿ, ಆಮೇಲೆ ಮರದ ಮನೆಯಲ್ಲಿ ಸಾಯುವವರೆಗೂ ಕಾಲ ಕಳೆದ. ಇದನ್ನು ಓದಿ ಹೇಳುವಾಗ ಇವರ ದನಿ ಸಣ್ಣದಾಯಿತು. ನನಗೂ ಆ ರಾಜನ ಮೇಲೆ ಮರುಕ ಹುಟ್ಟಿತು.

ರಾತ್ರಿ ಓಣಿಯ ತುದಿಯ ಸಣ್ಣ ಹೋಟೆಲಿನಲ್ಲಿ ಫಾದೊ ಕೇಳಿದೆವು. ದೀಪ ತಗ್ಗಿಸಿದರು, ತಟ್ಟೆ ಲೋಟಗಳ ಸದ್ದೂ ನಿಂತಿತು. ಹನ್ನೆರಡು ತಂತಿಯ ಗಿಟಾರಿನ ಪಕ್ಕದಲ್ಲಿ ಕಪ್ಪು ಶಾಲು ಹೊದ್ದ ಹೆಂಗಸು ಕಣ್ಣು ಮುಚ್ಚಿ ನಿಂತು ಹಾಡಿದರು. ಮೈಕಿಲ್ಲ. ಒಂದು ಪದವೂ ತಿಳಿಯಲಿಲ್ಲ. ಎರಡನೆಯ ಹಾಡಿನ ನಡುವೆ ಇವರು ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡರು.

2023 ಅಕ್ಟೋಬರ್ 15, ಭಾನುವಾರ

ತಿಂಡಿಯ ಹೊತ್ತಿನಲ್ಲಿ ಬೆಲೆಂ ಬಗ್ಗೆ ಸ್ವಲ್ಪ ವಾದವಾಯಿತು. ವಾಸ್ಕೊ ಡ ಗಾಮನ ಸಮಾಧಿಯಿರುವ ಜೆರೋನಿಮುಸ್ ಮಠವನ್ನು ನೋಡದೆ ಹೋಗುವುದೇ ಎಂದು ಇವರು. ಅಲ್ಲಿಗೆ ಹೋದರೆ ದಿನವೆಲ್ಲ ಸರದಿಯಲ್ಲೇ ಕಳೆಯುತ್ತದೆ ಎಂದು ನಾನು. ಕೊನೆಗೆ, “ನಿನ್ನೆ ಆ ಗೋಡೆಯ ಮುಂದೆ ಎಷ್ಟು ಹೊತ್ತು ನಿಂತಿದ್ದೆ ನೀನು! ನಡಿ, ಟೈಲ್ ಮ್ಯೂಸಿಯಮ್ಮಿಗೇ ಹೋಗೋಣ,” ಎಂದು ಇವರೇ ಎದ್ದರು.

ಮ್ಯೂಸಿಯಂ ಇರುವುದು 1509ರಲ್ಲಿ ರಾಣಿ ಲಿಯೊನೊರ್ ಕಟ್ಟಿಸಿದ ಕನ್ಯಾಮಠದಲ್ಲಿ. ಒಳಗೆ ನೋಡುವುದು ಬೇಕಾದಷ್ಟಿದೆ. ನಾನು ಬರೆಯಬೇಕೆಂದಿರುವುದು ಒಂದರ ಬಗ್ಗೆ ಮಾತ್ರ. ಗೋಡೆಯುದ್ದಕ್ಕೂ 23 ಮೀಟರ್ ಉದ್ದದ ನೀಲಿ ಚಿತ್ರ. 1700ರ ಸುಮಾರಿಗೆ ಬರೆದ ಲಿಸ್ಬನ್ನಿನ ನದೀತೀರ, ಸುಮಾರು 14 ಕಿಲೋಮೀಟರಿನಷ್ಟು. ಅಲ್ಲಿ ಅರಮನೆ ಇದೆ. ಚರ್ಚುಗಳಿವೆ, ತೋಟಗಳಿವೆ, ಗುಡ್ಡದ ಮೇಲೆ ಒತ್ತೊತ್ತಾಗಿ ಮನೆಗಳಿವೆ. ಇನ್ನು ಐವತ್ತೈದು ವರ್ಷಗಳಲ್ಲಿ ಏನಾಗಲಿದೆಯೆಂದು ತಿಳಿಯದೆ ಕುಳಿತಿರುವ ಊರು. ಚಿತ್ರ ಬರೆದವನಿಗೂ ತಿಳಿದಿರಲಿಲ್ಲ. ಅವನು ಊರಿನ ಚಂದವನ್ನು ತೋರಿಸಲು ಬರೆದ, ಅಷ್ಟೆ. ನಾವು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದೆವು, ಮತ್ತೆ ಹಿಂದಕ್ಕೆ ಬಂದೆವು. ಇವರು ಕನ್ನಡಕ ತೆಗೆದು, ಒರೆಸಿ, ಅಲ್ಫಾಮಾದ ಗುಡ್ಡದಲ್ಲಿ ನಮ್ಮ ಓಣಿ ಹುಡುಕಿದರು. ಅವಳಿ ಗೋಪುರಗಳ ಸೇ ಪ್ರಧಾನ ಚರ್ಚು ಸಿಕ್ಕಿತು, ಓಣಿ ಸಿಗಲಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ಪಕ್ಕದ ಅಜ್ಜಿಯನ್ನು, “ಪ್ರಾಸಾ ದು ಕೊಮೆರ್ಸಿಯು?” ಎಂದು ಕೇಳಿದೆ. ನಕ್ಷೆಯಲ್ಲಿ ಹಾಗೆ ಬರೆದಿತ್ತು, ವ್ಯಾಪಾರದ ಚೌಕ ಎಂದು. ಅಜ್ಜಿ ತಲೆ ಅಲ್ಲಾಡಿಸಿ, ಮಗುವಿಗೆ ತಿದ್ದಿ ಹೇಳುವಂತೆ, “ತೆರ್ರೇಯ್ರು ದು ಪಾಸು,” ಎಂದರು. ಅರಮನೆಯ ಅಂಗಳ. ಅರಮನೆ ಬಿದ್ದು 268 ವರ್ಷಗಳಾದವು. ರಾಜ ಜೋಸೆಯ ಮಂತ್ರಿ ಪೊಂಬಾಲ್ ಅಲ್ಲಿ ಸರ್ಕಾರಿ ಕಚೇರಿಗಳನ್ನು ಕಟ್ಟಿಸಿದ, ನಡುವೆ ರಾಜನ ಕುದುರೆ ಸವಾರಿಯ ಪ್ರತಿಮೆ ನಿಂತಿತು, ಚೌಕದ ಹೆಸರೂ ಬದಲಾಯಿತು. ಅಜ್ಜಿಯ ಬಾಯಲ್ಲಿ ಮಾತ್ರ ಅದು ಇನ್ನೂ ಅರಮನೆಯ ಅಂಗಳ.

ಆ ಅಂಗಳದ ತುದಿಯಲ್ಲಿ ಮೆಟ್ಟಿಲುಗಳು ನದಿಯೊಳಕ್ಕೆ ಇಳಿಯುತ್ತವೆ. ಎರಡು ಕಂಬಗಳ ಬುಡಕ್ಕೆ ನೀರು ಬಡಿಯುತ್ತದೆ. ಚಪ್ಪಲಿ ಬಿಟ್ಟು ಕುಳಿತೆವು. ಮಾತು ಹೆಚ್ಚು ಇರಲಿಲ್ಲ. ನನ್ನ ತಲೆಯಲ್ಲಿ ಚಾವಿ, ಜನೆಲಗಳೂ ಅಜ್ಜಿಯ ಮಾತೂ ಒಂದಕ್ಕೊಂದು ಸೇರಿಕೊಳ್ಳುತ್ತಿದ್ದವು.

ಸಂಜೆ ಕೈಸ್ ದು ಸೊದ್ರೆಯಿಂದ ದೋಣಿ ಹತ್ತಿ ಆಚೆ ದಡದ ಕಸೀಲ್ಯಸ್‌ಗೆ ಹೋದೆವು. ಹತ್ತು ನಿಮಿಷದ ದಾರಿ. ದಿನವೂ ಕೆಲಸಕ್ಕೆ ಓಡಾಡುವವರ ದೋಣಿ ಇದು. ದಡದಲ್ಲಿ ಅರ್ಧ ತಾಸು ನಡೆದಾಡಿ, ಸೂರ್ಯ ಇಳಿಯುವ ಹೊತ್ತಿಗೆ ಮತ್ತೆ ಹತ್ತಿದೆವು. ದೋಣಿ ನಡುನದಿಗೆ ಬಂದಾಗ ಇಡೀ ಊರು ಎದುರಿಗೆ ನಿಂತಿತು, ಎಡದಿಂದ ಬಲಕ್ಕೆ, ಗುಡ್ಡದ ಮೇಲೆ ಗುಡ್ಡ. ಟೈಲಿನ ಚಿತ್ರಕಾರ ನೋಡಿದ್ದೂ ನದಿಯ ಕಡೆಯಿಂದಲೇ. ಬೆಳಿಗ್ಗೆ ನೀಲಿಯಲ್ಲಿ ಕಂಡದ್ದು ಈಗ ಹೊಂಬಣ್ಣದಲ್ಲಿತ್ತು.

“ಅರಮನೆ ಅಲ್ಲಿರಬೇಕಿತ್ತು,” ಎಂದು ಹಳದಿ ಕಮಾನುಗಳ ಸಾಲಿನತ್ತ ತೋರಿಸಿದೆ. ಇವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಕಂಬಿ ಹಿಡಿದು, ಕಣ್ಣು ಕಿರಿದು ಮಾಡಿ, ಸೇಯ ಎರಡು ಗೋಪುರಗಳಿಂದ ಬಲಕ್ಕೆ ಬೆರಳಿನಲ್ಲಿ ಮನೆಗಳನ್ನು ಎಣಿಸುತ್ತಾ ಹೋಗುತ್ತಿದ್ದರು.

“ಅಲ್ಲಿ ನೋಡು,” ಎಂದರು. “ನಮ್ಮ ಓಣಿ.”