ಕಾಯಿ ಬಿಡಿಸಿದ ಮೇಲೆ ಬಂದ ಸಂದೇಶ

ಮಿಡಿಸೌತೆ (ಗರ್ಕಿನ್) ರಫ್ತು ಮಾಡುವ ಕಂಪನಿಯೊಂದಕ್ಕಾಗಿ ನಾನು ಕುಣಿಗಲ್ ಕಡೆಯ ಖರೀದಿ ಕೇಂದ್ರವನ್ನು ನೋಡಿಕೊಳ್ಳುತ್ತಿದ್ದೆ. 2024ರ ಜನವರಿಯ ಒಂದು ಮಧ್ಯಾಹ್ನ ‘ಇಂದಿನಿಂದ ದಪ್ಪ ಕಾಯಿ ಬೇಡ’ ಎಂದು ಕಚೇರಿಯಿಂದ ವಾಟ್ಸ್‌ಆ್ಯಪ್ ಸಂದೇಶ ಬಂದಾಗ, ರೈತರು ಕಾಯಿ ಬಿಡಿಸಿ, ಚೀಲ ತುಂಬಿ ತಂದು, ತೂಕದ ಸಾಲಿನಲ್ಲಿ ನಿಂತಾಗಿತ್ತು.

ಕಚೇರಿ ಕೊಟ್ಟ ಕಾರಣವೇನೂ ಸುಳ್ಳಲ್ಲ. ಕೆಂಪು ಸಮುದ್ರದಲ್ಲಿ ಯೆಮನ್‌ನ ಹೂತಿ ಬಂಡುಕೋರರ ದಾಳಿಗೆ ಹೆದರಿ ದೊಡ್ಡ ಹಡಗು ಕಂಪನಿಗಳು 2023ರ ಡಿಸೆಂಬರ್‌ನಿಂದಲೇ ಸೂಯೆಜ್ ಕಾಲುವೆಯನ್ನು ಬಿಟ್ಟು ಆಫ್ರಿಕಾವನ್ನು ಸುತ್ತಿ ಯುರೋಪಿಗೆ ಹೋಗತೊಡಗಿದ್ದವು. ಕಂಟೇನರ್ ಬಾಡಿಗೆ ಏರಿ, ಉಪ್ಪುನೀರಿನಲ್ಲಿ ಕಾಯಿ ತುಂಬಿಟ್ಟ ಡ್ರಮ್‌ಗಳು ಕಾರ್ಖಾನೆಯ ಅಂಗಳದಲ್ಲೇ ಉಳಿದಿದ್ದವು. ಕೆಜಿಗೆ 160ಕ್ಕಿಂತ ಹೆಚ್ಚು ಕಾಯಿ ಹಿಡಿಯುವ ಎಳೆಕಾಯಿಯ ಬೆಲೆ ಆ ಬಾಡಿಗೆಯನ್ನು ತಾಳುತ್ತದೆ, ದಪ್ಪ ಕಾಯಿಯದು ತಾಳುವುದಿಲ್ಲ. ಇದನ್ನೆಲ್ಲ ನಾನು ಬಿಡಿಸಿ ಹೇಳುವಾಗ ಯಾರೂ ಮಾತಾಡದಿದ್ದುದನ್ನು ಒಪ್ಪಿಗೆ ಎಂದೇ ತಿಳಿದೆ.

“ನಿಮ್ಮ ಹಡಗು ನಿಂತ್ರೆ ನಮ್ಮ ಬಳ್ಳಿ ನಿಲ್ತದಾ ಸಾರ್? ನೆನ್ನೆ ಸಂಜೆ ಹೇಳಿದ್ರೆ ಕೂಲಿಯಾದ್ರೂ ಉಳೀತಿತ್ತು,” ಎಂದರು ಸಾಲಿನ ಮುಂದಿದ್ದ ಹೆಂಗಸು. ಅಷ್ಟರಲ್ಲಿ ಇಬ್ಬರು ಹುಡುಗರು ಟೆಂಪೋದ ಮುಂದೆ ಬೈಕ್ ನಿಲ್ಲಿಸಿ ಕೀಲಿ ಕಿತ್ತುಕೊಂಡರು. ಒಳಗಿದ್ದ ಎಳೆಕಾಯಿ ಅಂದೇ ಕಾರ್ಖಾನೆ ಸೇರಬೇಕು. ಚಾಲಕ ನನ್ನ ಮುಖ ನೋಡುತ್ತಿದ್ದಾನೆ, ವ್ಯವಸ್ಥಾಪಕರ ಫೋನ್ ಬಡಿದುಕೊಳ್ಳುತ್ತಲೇ ಇದೆ, ಯಾರೂ ಎತ್ತುತ್ತಿಲ್ಲ.

ಒಂದು ದಿನ ಬಿಡಿಸದಿದ್ದರೆ ಎಳೆಕಾಯಿಯೇ ದಪ್ಪಕಾಯಿಯಾಗುವ ಬೆಳೆ ಇದು. 1990ರ ದಶಕದ ಆರಂಭದಲ್ಲಿ ನಮ್ಮ ರಾಜ್ಯಕ್ಕೆ ಕಾಲಿಟ್ಟದ್ದೇ ರಫ್ತಿಗಾಗಿ. 2020–21ರಲ್ಲಿ ದೇಶದಿಂದ ಸೌತೆ, ಮಿಡಿಸೌತೆ ಸೇರಿ 2,23,515 ಟನ್ ಹೊರಹೋಗಿದ್ದರೂ ಊರ ಸಂತೆಯಲ್ಲಿ ಮಿಡಿಸೌತೆಯನ್ನು ಕೇಳುವವರಿಲ್ಲ. ನಾವು ಬೇಡವೆಂದದ್ದು ಎಮ್ಮೆಯ ಪಾಲು. ಬೀಜ, ಗೊಬ್ಬರ, ಔಷಧಿಯ ಸಾಲವನ್ನು ಮಾತ್ರ ಕಂಪನಿ ಕಾಯಿಯ ಹಣದಲ್ಲೇ ಮುರಿದುಕೊಳ್ಳುತ್ತದೆ.

ಕೊನೆಗೆ ಎಲ್ಲ ಚೀಲಗಳನ್ನೂ ತೂಗಿಸಿ, ದಪ್ಪ ಕಾಯಿಯ ತೂಕವನ್ನು ಪ್ರತಿಯೊಬ್ಬರ ಪಾಸ್‌ಬುಕ್ಕಿನಲ್ಲಿ ಬೇರೆಯಾಗಿ ಬರೆದು, ‘ಸಂದೇಶಕ್ಕೆ ಮೊದಲು ಬಿಡಿಸಿದ್ದು’ ಎಂದು ಸಹಿ ಹಾಕಿದೆ. ಬೈಕ್ ಸರಿಯಿತು. ಯಾರನ್ನು ಕೇಳಿ ಸಹಿ ಹಾಕಿದಿರಿ ಎಂದು ಕಚೇರಿ ಮರುದಿನ ಗದರಿಸಿತಾದರೂ, ಬರಹದಲ್ಲಿದ್ದ ಕಾರಣಕ್ಕೆ ಅರ್ಧ ದರವನ್ನಾದರೂ ಕೊಡಬೇಕಾಯಿತು. ಬಾಯಿಮಾತಾಗಿದ್ದರೆ ಅದೂ ಸಿಗುತ್ತಿರಲಿಲ್ಲ.

ಖರೀದಿ ನಿಲ್ಲಿಸುವುದಿದ್ದರೆ ಹಿಂದಿನ ಸಂಜೆಯೇ ತಿಳಿಸಬೇಕೆಂಬ ಷರತ್ತನ್ನು ಒಪ್ಪಂದಕ್ಕೆ ಸೇರಿಸಿ ಎಂದು ನಾನು ಬರೆದ ಪತ್ರಕ್ಕೆ ಉತ್ತರ ಬಂದಿಲ್ಲ. ಮುಂದಿನ ಹಂಗಾಮಿನ ಒಪ್ಪಂದಪತ್ರದಲ್ಲಿ ದರಪಟ್ಟಿ ಬದಲಾಗಿತ್ತು, ಷರತ್ತುಗಳು ಹಳೆಯವೇ ಇದ್ದವು.