ಸಿಗರೇಟ್ ಕ್ಯೂ ಮೆಟಾ ಅನಾಲಿಸಿಸ್ ರೀರನ್, ಸದ್ಯಕ್ಕೆ ಎಲ್ಲಿಗೆ ಬಂತು

ಕೋಆರ್ಡಿನೇಟ್ ಫೈಲ್ (ಮೆದುಳಿನ ಯಾವ ಜಾಗ ಅಂತ ಹೇಳೋ ಎಕ್ಸ್, ವೈ, ಝಡ್ ಅಂಕಿಗಳ ಪಟ್ಟಿ) ಅಂತೂ ಇಂತೂ ಮುಗೀತು, ರನ್ನೂ ಆಯ್ತು. ಹೊಸದಾಗಿ ಓದ್ತಿರೋರಿಗೆ ಚುಟುಕಾಗಿ: ಸಿಗರೇಟ್ ಸೇದೋರನ್ನ ಎಫ್ಎಂಆರ್‌ಐ ಸ್ಕ್ಯಾನರ್ ಒಳಗೆ ಮಲಗ್ಸಿ ಸಿಗರೇಟ್ ಫೋಟೋ (ಕ್ಯೂ ಅಂದ್ರೆ ಇದೇ, ಸೇದೋ ಆಸೆ ಕೆರಳ್ಸೋ ಸುಳಿವು) ಒಂದಷ್ಟು, ಸಂಬಂಧ ಇಲ್ದಿರೋ ಫೋಟೋ ಒಂದಷ್ಟು ತೋರ್ಸಿ ಮೆದುಳಲ್ಲಿ ಏನು ವ್ಯತ್ಯಾಸ ಆಗುತ್ತೆ ಅಂತ ನೋಡೋ ಸ್ಟಡಿಗಳು ಸುಮಾರಿವೆ. ಒಂದೊಂದ್ರಲ್ಲೂ ಇರೋದು ಕಮ್ಮಿ ಜನ, ಅದಕ್ಕೆ ಎಲ್ಲಾ ಸೇರ್ಸಿ ಮೆಟಾ ಅನಾಲಿಸಿಸ್ ಮಾಡ್ತಾರೆ. ಅದಕ್ಕೆ ಜಾಸ್ತಿ ಜನ ಬಳಸೋದು ಜಿಂಜರ್‌ಏಲ್ ಅನ್ನೋ ಫ್ರೀ ಸಾಫ್ಟ್‌ವೇರ್, ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿರೋ ಬ್ರೈನ್‌ಮ್ಯಾಪ್ ತಂಡದ್ದು.

ಈ ಜಿಂಜರ್‌ಏಲ್‌ನಲ್ಲೇ ಎರಡು ಬಗ್ ಇತ್ತು, ಎರಡೂ ಆಕಸ್ಮಿಕವಾಗಿ ಬರೋ ಸುಳ್ಳು ರಿಸಲ್ಟ್ ಸೋಸೋ ಲೆಕ್ಕದಲ್ಲಿ (ಅದನ್ನೇ ಕರೆಕ್ಷನ್ ಅನ್ನೋದು, ಎಫ್‌ಡಿಆರ್, ಎಫ್‌ಡಬ್ಲ್ಯುಇ ಅದ್ರ ಎರಡು ಥರ). ಒಂದು ಎಫ್‌ಡಿಆರ್ ಕರೆಕ್ಷನ್‌ದು, 2015ರಲ್ಲಿ 2.3.3 ವರ್ಷನ್‌ನಲ್ಲಿ ಸರಿ ಹೋಯ್ತು, ಇನ್ನೊಂದು ಕ್ಲಸ್ಟರ್ (ರಿಸಲ್ಟ್ ಬಂದ ಅಕ್ಕಪಕ್ಕದ ಜಾಗಗಳ ಗುಂಪು) ಲೆವೆಲ್ ಎಫ್‌ಡಬ್ಲ್ಯುಇ ಕರೆಕ್ಷನ್‌ದು, ಅದು 2016ರಲ್ಲಿ 2.3.6ಕ್ಕೆ. ಎರಡರಲ್ಲೂ ಆಗಿದ್ದು ಒಂದೇ, ಜಲ್ಲಡಿ ತೂತು ಹೇಳಿದ್ದಕ್ಕಿಂತ ದೊಡ್ಡದಿತ್ತು, ಉಳೀಬಾರದ ಕ್ಲಸ್ಟರ್‌ಗಳೂ ಉಳ್ಕೊಂಡ್ವು. ತಂಡದೋರು ಮುಚ್ಚಿಡ್ಲಿಲ್ಲ, 2017ರಲ್ಲಿ ಹ್ಯೂಮನ್ ಬ್ರೈನ್ ಮ್ಯಾಪಿಂಗ್ ಜರ್ನಲ್‌ನಲ್ಲಿ ತಾವೇ ಬರೆದು, ಹಳೇ ವರ್ಷನ್ ಬಳಸಿದೋರು ಮತ್ತೆ ರನ್ ಮಾಡಿ ನೋಡಿ, ರಿಸಲ್ಟ್ ಬದಲಾದ್ರೆ ಜರ್ನಲ್‌ಗೆ ತಿದ್ದುಪಡಿ ಕಳಿಸೋದನ್ನ ಯೋಚ್ನೆ ಮಾಡಿ ಅಂದ್ರು. ನನಗೆ ಅವ್ರ ಮೇಲೆ ಗೌರವ ಬಂದಿದ್ದೇ ಅಲ್ಲಿ.

ಈ ಸಿಗರೇಟ್ ಸ್ಟಡಿಗಳ ಮೇಲೆ ನಾನು ಮಾಡ್ತಿರೋದೂ ಅದೇ ರೀರನ್. ಈಗ ಕೆಲಸದ ವಿಷಯ. ಸಾಫ್ಟ್‌ವೇರ್ ರನ್ ಮಾಡೋದು ಏನೂ ಕಷ್ಟ ಇಲ್ಲ, ಜಾವಾ ಇದ್ರೆ ಸಾಕು, ಸಾಧಾರಣ ಲ್ಯಾಪ್‌ಟಾಪ್‌ನಲ್ಲೇ ಓಡುತ್ತೆ. ಜೀವ ತಿಂದಿದ್ದು ಇನ್‌ಪುಟ್ ಫೈಲ್. ಯಾಕಂದ್ರೆ ಮೆಟಾ ಅನಾಲಿಸಿಸ್ ಪೇಪರ್‌ಗಳಲ್ಲಿ ಯಾವ್ಯಾವ ಸ್ಟಡಿ ಸೇರ್ಸಿದೀವಿ ಅಂತ ಟೇಬಲ್ ಇರುತ್ತೆ, ಆದ್ರೆ ಯಾವ ಕೋಆರ್ಡಿನೇಟ್ ಹಾಕಿದ್ರು ಅನ್ನೋ ಟೆಕ್ಸ್ಟ್ ಫೈಲ್ ಇರೋದೇ ಅಪರೂಪ, ಸುಮಾರು ಕಡೆ ವರ್ಷನ್ ನಂಬರೂ ಬರೆದಿರಲ್ಲ, ಹಂಗಾಗಿ ಬಗ್ ಇದ್ದ ವರ್ಷನ್ನಾ ಇಲ್ವಾ ಅಂತ ಪೇಪರ್ ಬಂದ ಇಸವಿ ನೋಡಿ ಊಹೆ ಮಾಡ್ಬೇಕು. ಅದಕ್ಕೇ ಒಂದೊಂದೇ ಮೂಲ ಪೇಪರ್ ತೆಗೆದು ಕೈಯಲ್ಲೇ ಹಾಕ್ತಾ ಬಂದೆ.

ಪಿಡಿಎಫ್‌ನಿಂದ ಕಾಪಿ ಮಾಡುವಾಗ ಮೈನಸ್ ಚಿಹ್ನೆ ಬಗ್ಗೆ ಹುಷಾರು ಮಾರಾಯ್ರೆ. ಎಷ್ಟೋ ಪಿಡಿಎಫ್‌ಗಳಲ್ಲಿ ಅದು ನಿಜವಾದ ಮೈನಸ್ ಅಲ್ಲ, ಉದ್ದ ಡ್ಯಾಶ್, ಪೇಸ್ಟ್ ಮಾಡಿದಾಗ ಕೆಲವೊಮ್ಮೆ ಉದುರಿ ಹೋಗುತ್ತೆ. ಎಕ್ಸ್ (ಎಡ ಬಲ ಹೇಳೋ ಅಂಕಿ, ಎಡಕ್ಕೆ ಮೈನಸ್) ಮುಂದಿನ ಮೈನಸ್ ಹೋಯ್ತು ಅಂದ್ರೆ ಎಡಗಡೆ ಇನ್ಸುಲಾ (ಮೆದುಳಿನ ಮಡಿಕೆ ಒಳಗೆ ಅಡಗಿರೋ ಒಂದು ಭಾಗ) ಬಲಗಡೆಗೆ ಬಂದು ಕೂರುತ್ತೆ, ಸಾಫ್ಟ್‌ವೇರ್ ಕಮಕ್ ಕಿಮಕ್ ಅನ್ನಲ್ಲ. ಅದಕ್ಕೆ ಒಂದು ಸಣ್ಣ ಪೈಥಾನ್ ಸ್ಕ್ರಿಪ್ಟ್ ಬರ್ಕೊಂಡೆ, ಪೇಪರ್‌ನಲ್ಲಿ ಎಡ ಅಂತಿದ್ದು ಎಕ್ಸ್ ಪಾಸಿಟಿವ್ ಇದ್ರೆ ಕೂಗುತ್ತೆ. ಆಮೇಲೆ ಟಲೈರಾಕ್ ಮತ್ತೆ ಎಂಎನ್‌ಐ ಅಂತ ಎರಡು ಅಳತೆ ಪದ್ಧತಿ, ಎಲ್ಲಾನೂ ಒಂದಕ್ಕೇ ತರ್ಬೇಕು. ಇಡೀ ಮೆದುಳು ನೋಡದೆ ಮೊದಲೇ ಆರಿಸ್ಕೊಂಡ ಜಾಗ ಮಾತ್ರ ನೋಡಿರೋ ಸ್ಟಡಿಗಳನ್ನ ಕೈಬಿಟ್ಟೆ, ಇಡೀ ಮೆದುಳಲ್ಲಿ ಎಲ್ಲಿ ಬೇಕಾದ್ರೂ ಸಿಗ್ಬೋದಿತ್ತು ಅನ್ನೋ ಲೆಕ್ಕದ ಮೇಲೇ ಈ ವಿಧಾನ ನಿಂತಿರೋದು.

ಇನ್ನು ರಿಸಲ್ಟ್. ಫ್ರೆಂಡ್ ಒಬ್ರ ಹಳೇ ಹಾರ್ಡ್ ಡಿಸ್ಕ್‌ನಲ್ಲಿ ಬಗ್ ಇರೋ ವರ್ಷನ್ ಸಿಕ್ತು, ಅದೇ ಫೈಲ್‌ನ ಅದ್ರಲ್ಲೂ ಓಡಿಸ್ದೆ, ಸರಿ ಮಾಡಿರೋದ್ರಲ್ಲೂ ಓಡಿಸ್ದೆ. ಸರಿ ಮಾಡಿರೋದ್ರಲ್ಲಿ ಕ್ಲಸ್ಟರ್ ಕಟ್ಟೋಕೆ ಕಟ್‌ಆಫ್ (ಪಿ ವ್ಯಾಲ್ಯೂ) 0.001, ಆಮೇಲೆ ಕ್ಲಸ್ಟರ್ ಲೆವೆಲ್ ಎಫ್‌ಡಬ್ಲ್ಯುಇ 0.05, ಪರ್ಮ್ಯುಟೇಶನ್ (ಜಾಗಗಳನ್ನ ಸುಮ್ನೆ ಕಲಸಿ ಮತ್ತೆ ಮತ್ತೆ ಲೆಕ್ಕ ಹಾಕೋದು) 1000. ಹಳೇದ್ರಲ್ಲಿ ಎಫ್‌ಡಿಆರ್ ಹಾಕಿದಾಗ ಅಲ್ಲೊಂದು ಇಲ್ಲೊಂದು ಚುಕ್ಕೆ ಚುಕ್ಕೆಯಾಗಿ ಬಂದಿದ್ದ ಸಣ್ಣವು ಹೊಸದ್ರಲ್ಲಿ ಇಲ್ಲ. ಪ್ರಿಕ್ಯೂನಿಯಸ್, ಹಿಂಭಾಗದ ಸಿಂಗ್ಯುಲೇಟ್ (ಎರಡೂ ಮೆದುಳಿನ ಹಿಂದುಗಡೆ ಮಧ್ಯದ ಭಾಗಗಳು) ಕಡೆ ಇರೋ ದೊಡ್ಡ ಕ್ಲಸ್ಟರ್ ಅಲ್ಲಾಡ್ಲಿಲ್ಲ. ಇನ್ಸುಲಾ ಹೋಯ್ತು.

ಇನ್ಸುಲಾ ಹೋಯ್ತು ಅಂದ ತಕ್ಷಣ ಓ ಇನ್ಸುಲಾಗೂ ಸಿಗರೇಟಿಗೂ ಸಂಬಂಧ ಇಲ್ಲ ಅಂತ ಓಡ್ಬೇಡಿ. 2007ರಲ್ಲಿ ಅಯೋವಾದ ಪೇಷಂಟ್‌ಗಳ ಮೇಲೆ ಸೈನ್ಸ್ ಜರ್ನಲ್‌ನಲ್ಲಿ ಬಂದ ಸ್ಟಡಿ ಇದೆ, ಮೆದುಳಿಗೆ ಪೆಟ್ಟಾಗೋ ಮುಂಚೆ ಸಿಗರೇಟ್ ಸೇದ್ತಿದ್ದ 69 ಜನ, ಅದ್ರಲ್ಲಿ 19 ಜನಕ್ಕೆ ಇನ್ಸುಲಾನೇ ಹಾಳಾಗಿತ್ತು, ಅವ್ರಲ್ಲಿ ತುಂಬಾ ಸಲೀಸಾಗಿ, ಮತ್ತೆ ಸೇದ್ಬೇಕು ಅನ್ನೋ ತುಡಿತಾನೇ ಇಲ್ದೆ ಬಿಟ್ಟವ್ರು ಮಿಕ್ಕವ್ರಿಗಿಂತ ಜಾಸ್ತಿ. ಅದು ಬೇರೇ ಥರದ ಸಾಕ್ಷಿ, ಇದ್ರಲ್ಲಿ ಒಂದು ಬಣ್ಣದ ಚುಕ್ಕೆ ಹೋದ್ರೆ ಅದಕ್ಕೇನೂ ಆಗಲ್ಲ. ನನ್ನ ಫೈಲೂ ಚಿಕ್ಕದು, ಇದನ್ನಿಟ್ಕೊಂಡು ಯಾರ ಪೇಪರೂ ತಪ್ಪು ಅನ್ನೋ ಹಂಗಿಲ್ಲ.

ತಲೆನೋವು ಇನ್ನೊಂದಿದೆ. ಮೆಟಾ ಅನಾಲಿಸಿಸ್ ಸರಿ ಮಾಡಿದ್ರೂ ಒಳಗೆ ಹೋಗ್ತಿರೋ ಮೂಲ ಸ್ಟಡಿಗಳದ್ದೇ ಬೇರೆ ಕಥೆ. 2016ರಲ್ಲಿ ಸ್ವೀಡನ್‌ನ ಲಿನ್‌ಶಾಪಿಂಗ್ ಕಡೆಯೋರು ಪಿಎನ್‌ಎಎಸ್ ಜರ್ನಲ್‌ನಲ್ಲಿ, ಎಫ್ಎಂಆರ್‌ಐ ಲೆಕ್ಕ ಹಾಕೋ ಸಾಫ್ಟ್‌ವೇರ್‌ಗಳಾದ ಎಸ್‌ಪಿಎಂ, ಎಫ್‌ಎಸ್‌ಎಲ್, ಎಎಫ್‌ಎನ್‌ಐ ಮೂರರಲ್ಲೂ ಕ್ಲಸ್ಟರ್ ಲೆಕ್ಕ ಸಡಿಲ ಆಗ್ಬೋದು, 5% ಇರ್ಬೇಕಾದ ಸುಳ್ಳು ಪಾಸಿಟಿವ್ ಕೆಲವು ಸೆಟ್ಟಿಂಗ್‌ನಲ್ಲಿ 70% ತನಕ ಹೋಗುತ್ತೆ ಅಂತ ತೋರ್ಸಿದ್ರು. ಎಎಫ್‌ಎನ್‌ಐನ 3ಡಿಕ್ಲಸ್ಟ್‌ಸಿಮ್ ಅನ್ನೋ ಪ್ರೋಗ್ರಾಂನಲ್ಲಿ 15 ವರ್ಷದಿಂದ ಕೂತಿದ್ದ ಬಗ್ ಸಿಕ್ಕಿದ್ದೂ ಅವ್ರಿಗೇ. ತಮಾಷೆ ಅಂದ್ರೆ ಆ ಪೇಪರ್‌ಗೇ ತಿದ್ದುಪಡಿ ಬಂತು: ಮೊದಲು 40,000 ಸ್ಟಡಿಗಳ ಮೇಲೆ ಪ್ರಶ್ನೆ ಏಳುತ್ತೆ ಅಂತಿದ್ದಿದ್ದನ್ನ ಆಮೇಲೆ ಒಂದಷ್ಟು ಸ್ಟಡಿಗಳು ಅಂತ ಮಾಡಿದ್ರು. ಪೇಪರ್‌ಗಳಲ್ಲಿ ಓಡಾಡ್ತಿರೋದು ಮಾತ್ರ ಇವತ್ತಿಗೂ ಆ 40,000ನೇ!

ಸೋ ಶೀಟ್‌ಗೆ ಎರಡು ಕಾಲಂ ಸೇರಿಸ್ತಿದೀನಿ, ಮೂಲ ಸ್ಟಡಿಲಿ ಯಾವ ಸಾಫ್ಟ್‌ವೇರ್, ಕ್ಲಸ್ಟರ್ ಕಟ್ಟೋಕೆ ಯಾವ ಕಟ್‌ಆಫ್ ಅಂತ. 0.01 ಥರ ಸಡಿಲ ಕಟ್‌ಆಫ್ ಇರೋವ್ನ ತೆಗೆದು ಒಂದ್ಸಲ, ಆಮೇಲೆ ಒಂದೊಂದೇ ಸ್ಟಡಿ ತೆಗೆದು ಒಂದೊಂದ್ಸಲ ರನ್ ಮಾಡ್ಬೇಕು, ಪ್ರಿಕ್ಯೂನಿಯಸ್ ಆಗ್ಲೂ ನಿಲ್ಲುತ್ತಾ ನೋಡೋಣ. ಹಳೇ ಮೆಟಾ ಅನಾಲಿಸಿಸ್ ಬರೆದವ್ರಿಗೆ ಕಳಿಸೋಕೆ ಮೇಲ್ ಡ್ರಾಫ್ಟ್ ರೆಡಿ ಇದೆ, ನಿಮ್ಮದು ತಪ್ಪು ಗಿಪ್ಪು ಅಂತ ಏನೂ ಬರ್ದಿಲ್ಲ, ಯಾವ ವರ್ಷನ್ ಬಳಸಿದ್ರಿ, ಕೋಆರ್ಡಿನೇಟ್ ಫೈಲ್ ಇನ್ನೂ ಇದೆಯಾ, ಅಷ್ಟೇ ಕೇಳಿರೋದು.