ಸಮುದ್ರಕ್ಕೆ ಬಿದ್ದ ಬಲೆ: ಎಳೆಯುವ ಮೊದಲು ಹುಡುಕುವುದನ್ನು ಕಲಿಯಬೇಕು

ಬೋಟಿನಲ್ಲಿ ಕೆಲಸ ಮಾಡುವವರಿಗೆ ಬಲೆಯೋ ಏಡಿ ಹಿಡಿಯುವ ಬೋನೋ ಕೈತಪ್ಪಿ ನೀರು ಸೇರುವುದು ಹೊಸದೇನಲ್ಲ. ಹಗ್ಗ ಬಂಡೆಗೆ ಉಜ್ಜಿ ತುಂಡಾಗುತ್ತದೆ. ಬೇರೆ ಬೋಟಿನ ಪ್ರೊಪೆಲ್ಲರ್‌ಗೆ ಸಿಕ್ಕಿ ಬಲೆಯ ಗುರುತಿಗೆ ಕಟ್ಟಿದ ತೇಲುಗುಂಡು, ಅಂದರೆ ಬೋಯಾ, ಕಡಿದುಹೋಗುತ್ತದೆ. ಗಾಳಿ ಎದ್ದಾಗ ಡೆಕ್ ಮೇಲಿದ್ದ ಸಾಮಾನು ಜಾರಿ ಬೀಳುತ್ತದೆ. ಇವನ್ನೆಲ್ಲ ವಾಪಸ್ ಎತ್ತುವ ಕೆಲಸ ಮಾಡುತ್ತಾ ನನಗೆ ಮನವರಿಕೆಯಾದ ವಿಷಯ ಒಂದೇ. ಬಲೆ ಎಲ್ಲಿದೆ, ಯಾವ ದಿಕ್ಕಿಗೆ ಮಲಗಿದೆ ಅಂತ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಎಂಜಿನ್‌ನ ತಾಕತ್ತು, ಕೈಯ ಬಲ ಎಲ್ಲ ಆಮೇಲೆ.

ಬಿದ್ದ ತಕ್ಷಣ ಜಿಪಿಎಸ್‌ನಲ್ಲಿ ಮಾರ್ಕ್ ಒತ್ತಬೇಕು. ಕೂಗಾಡುವುದು, ಬೋಟು ತಿರುಗಿಸುವುದು ಎಲ್ಲ ಅದಾದ ಮೇಲೆ. ಬೋಟು 6 ನಾಟ್ (ಗಂಟೆಗೆ ಸುಮಾರು 11 ಕಿ.ಮೀ.) ವೇಗದಲ್ಲಿದ್ದರೆ ಒಂದು ನಿಮಿಷಕ್ಕೆ ಸುಮಾರು 185 ಮೀಟರ್ ಮುಂದೆ ಹೋಗಿರುತ್ತದೆ. ಅಷ್ಟು ದೂರ ಹೋದ ಮೇಲೆ 'ಇಲ್ಲೇ ಎಲ್ಲೋ ಬಿತ್ತು' ಅಂದರೆ ಏನೂ ಪ್ರಯೋಜನವಿಲ್ಲ. ಮಾರ್ಕ್ ಜೊತೆಗೆ ಸಮಯ, ಆಳ, ನೀರಿನ ಸೆಳೆತ ಯಾವ ಕಡೆಗಿತ್ತು, ಗಾಳಿ ಎತ್ತಲಿಂದ ಬೀಸುತ್ತಿತ್ತು ಅನ್ನುವುದನ್ನೂ ಕಾಗದದ ಮೇಲೆ ಬರೆದಿಡಿ. ನೆನಪನ್ನು ನಂಬಬೇಡಿ.

ಇನ್ನೊಂದು ಬೋಟಿಗೆ ಜಾಗ ಹೇಳುವಾಗಲೂ ಹುಷಾರಾಗಿರಬೇಕು. 20 ಡಿಗ್ರಿ 30.5 ನಿಮಿಷ (ಒಂದು ಡಿಗ್ರಿಗೆ 60 ನಿಮಿಷ) ಅನ್ನುವುದನ್ನು ಕೇಳಿದವರು 20.305 ಡಿಗ್ರಿ ಅಂತ ಬರೆದುಕೊಂಡರೆ, ಅಕ್ಷಾಂಶದಲ್ಲಿ 12 ನಾಟಿಕಲ್ ಮೈಲಿಗೂ ಜಾಸ್ತಿ ವ್ಯತ್ಯಾಸ ಬರುತ್ತದೆ. 22 ಕಿ.ಮೀ. ಆಚೆ ಹೋಗಿ ಎಷ್ಟು ಹುಡುಕಿದರೆ ಏನು ಸಿಗುತ್ತದೆ? 'ಡಿಗ್ರಿ', 'ನಿಮಿಷ', 'ಪಾಯಿಂಟ್' ಅಂತ ಬಿಡಿಸಿ ಹೇಳಿ, ಅವರಿಂದ ಒಮ್ಮೆ ತಿರುಗಿ ಹೇಳಿಸಿ.

ಮುಂದಿನ ಪ್ರಶ್ನೆ, ಅದು ತೇಲುವ ಮಾಲೋ ಮುಳುಗುವ ಮಾಲೋ? ನೈಲಾನ್ ಮುಳುಗುತ್ತದೆ. ಪಾಲಿಪ್ರೊಪಿಲೀನ್, ಪಾಲಿಥೀನ್ ಹಗ್ಗಗಳು ತೇಲುತ್ತವೆ. ಕೆಳಗೆ ಭಾರ ಕಟ್ಟಿದ ಬೋನಿನ ಹಗ್ಗ ಪಾಲಿಪ್ರೊಪಿಲೀನ್ ಆಗಿದ್ದರೆ ತುಂಡಾದ ತುದಿ ನೆಲಕ್ಕೆ ಅಂಟಿಕೊಳ್ಳದೆ ಮೇಲಕ್ಕೆ ಎದ್ದು ಆಡುತ್ತಿರುತ್ತದೆ, ಕೊಕ್ಕೆಗೆ ಬೇಗ ಸಿಗುತ್ತದೆ. ಭಾರವಿಲ್ಲದ ತೇಲು ಬಲೆಯಾದರೆ ಬಿದ್ದ ಜಾಗದಲ್ಲಿ ಹುಡುಕಿ ಫಲವಿಲ್ಲ, ಸೆಳೆತ ಹೋದ ಕಡೆಗೆ ನಾವೂ ಹೋಗಬೇಕು.

ಬೋಯಾ ಕಾಣಲಿಲ್ಲ ಅಂದ ಮಾತ್ರಕ್ಕೆ ಬಲೆ ಹೋಯಿತು ಅಂತ ತೀರ್ಮಾನಿಸಬೇಡಿ. ಸೆಳೆತ ಜೋರಾಗಿದ್ದಾಗ ಹಗ್ಗ ಬಿಗಿದು ಬೋಯಾ ನೀರೊಳಕ್ಕೆ ಹೋಗಿಬಿಡುತ್ತದೆ. ಉಬ್ಬರ ಇಳಿತದ ನಡುವೆ ನೀರು ಸ್ವಲ್ಪ ಹೊತ್ತು ನಿಂತ ಹಾಗಾಗುತ್ತದಲ್ವಾ, ಆಗ ತಾನೇ ಮೇಲೆ ಬರುತ್ತದೆ. ಎಂಜಿನ್ ಓಡಿಸಿ ಡೀಸೆಲ್ ಸುಡುವ ಬದಲು ಆ ಹೊತ್ತಿಗೆ ಕಾಯುವುದು ಒಳ್ಳೆಯದು. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಸೆಳೆತ ಜಾಸ್ತಿ ಇರುವುದರಿಂದ ಇದು ಇನ್ನೂ ಮುಖ್ಯ.

ಅಷ್ಟಕ್ಕೂ ಸಿಗದಿದ್ದರೆ ಕೊಕ್ಕೆ ಹಾಕಬೇಕು. ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿಯ ಹಾಗೆಯೇ ಇದು, ಗಾತ್ರ ದೊಡ್ಡದು ಅಷ್ಟೇ. ಕೊಕ್ಕೆಗೂ ಹಗ್ಗಕ್ಕೂ ನಡುವೆ ಸ್ವಲ್ಪ ಸರಪಳಿ ಇದ್ದರೆ ಅದು ನೆಲ ಬಿಟ್ಟು ಏಳುವುದಿಲ್ಲ. ಹಗ್ಗವನ್ನು ಆಳದ ಮೂರು ಪಟ್ಟಾದರೂ ಬಿಡಿ. ವೇಗ ಒಂದೆರಡು ನಾಟ್ ಸಾಕು, ಅದಕ್ಕಿಂತ ಹೆಚ್ಚಾದರೆ ಕೊಕ್ಕೆ ಬಲೆಯ ಮೇಲೇ ಹಾರಿಹೋಗುತ್ತದೆ. ಬಲೆ ಹಾಕಿದ ದಿಕ್ಕಿಗೆ ಅಡ್ಡಲಾಗಿ ಎಳೆಯಬೇಕು. ಅದೇ ದಿಕ್ಕಿನಲ್ಲಿ ಎಳೆದರೆ ದಿನವಿಡೀ ಬಲೆಯ ಪಕ್ಕದಲ್ಲೇ ಓಡಾಡಿದರೂ ತಾಗದೆ ಹೋಗಬಹುದು. ಪ್ರತಿ ಸಲ ಎಳೆದ ದಾರಿಯನ್ನು ಜಿಪಿಎಸ್ ಪರದೆಯ ಮೇಲೆ ಉಳಿಸಿಕೊಂಡರೆ ಮುಂದಿನ ಸಲ ಸ್ವಲ್ಪ ಸರಿದು ಎಳೆಯಬಹುದು.

ಎಳೆಯುವಾಗ ಹಗ್ಗದ ಮೇಲೆ ಅಂಗೈ ಇಟ್ಟುಕೊಂಡಿರುವುದು ನನ್ನ ಅಭ್ಯಾಸ. ಕೈಗೆ ಎಷ್ಟೊಂದು ಗೊತ್ತಾಗುತ್ತದೆ! ಕೆಸರಿನ ನೆಲವಾದರೆ ಹಗ್ಗ ಒಂದೇ ಸಮನೆ ಮೆತ್ತಗೆ ಎಳೆಯುತ್ತದೆ. ಕಲ್ಲಿನ ನೆಲವಾದರೆ ಟಕ್ ಟಕ್ ಅಂತ ಚುರುಕಾಗಿ ಜಗ್ಗಿ ಬಿಡುತ್ತದೆ. ಬಂಡೆಗೆ ಸಿಕ್ಕಿದರೆ ಒಮ್ಮೆಲೇ ಗಟ್ಟಿಯಾಗಿ ನಿಂತುಬಿಡುತ್ತದೆ. ಬಲೆ ಸಿಕ್ಕಿದಾಗ ಹಾಗಲ್ಲ. ಭಾರ ನಿಧಾನವಾಗಿ ಏರುತ್ತದೆ, ಸ್ವಲ್ಪ ಬಿಟ್ಟುಕೊಡುತ್ತದೆ, ಮತ್ತೆ ಏರುತ್ತದೆ. ಹೊಸಬರಿಗೆ ನಾನು ಮೊದಲು ಕಲಿಸುವುದೇ ಈ ವ್ಯತ್ಯಾಸ.

ಸಿಕ್ಕಿತು ಅನ್ನಿಸಿದ ಕೂಡಲೇ ಎಂಜಿನ್ ನ್ಯೂಟ್ರಲ್‌ಗೆ ಹಾಕಿ. ಹಗ್ಗವನ್ನು ಬೋಟಿನ ಮುಂಭಾಗದಿಂದ ಎತ್ತಿ, ಹಿಂಬದಿಯಿಂದ ಎತ್ತಿದರೆ ಪ್ರೊಪೆಲ್ಲರ್‌ಗೆ ಸುತ್ತಿಕೊಳ್ಳುತ್ತದೆ. ಬಿಗಿದ ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು. ನೈಲಾನ್ ಹಗ್ಗ ಚೆನ್ನಾಗಿ ಹಿಗ್ಗುತ್ತದೆ, ತುಂಡಾದರೆ ಅಷ್ಟೇ ಜೋರಾಗಿ ವಾಪಸ್ ಬಡಿಯುತ್ತದೆ. ಕೈಗೆಟುಕುವಲ್ಲಿ ಹರಿತವಾದ ಚಾಕು ಇರಲೇಬೇಕು. ಬಲೆ ಬಂಡೆಗೆ ಸಿಕ್ಕಿಕೊಂಡಿದ್ದರೆ ಎಂಜಿನ್ ಜೋರು ಮಾಡಬೇಡಿ, ಎದುರು ದಿಕ್ಕಿಗೆ ಹೋಗಿ ಅಲ್ಲಿಂದ ನಿಧಾನಕ್ಕೆ ಎತ್ತಿ ನೋಡಿ. ಕೆಳಗೆ ಹವಳ ಇದ್ದರೆ ಕೊಕ್ಕೆ ಎಳೆಯಲೇಬಾರದು. ಬಲೆಯ ನಡುವೆ ಕೆಲಸ ಮಾಡಿ ಗೊತ್ತಿರುವ ಡೈವರ್ ಇಳಿಯಬೇಕು, ಸುಮ್ನೆ ಈಜು ಬರುವವರಲ್ಲ.

ಇಷ್ಟು ಕಷ್ಟಪಡುವುದು ಬಲೆಯ ದುಡ್ಡಿಗಾಗಿ ಮಾತ್ರ ಅಲ್ಲ. ನೈಲಾನ್ ಬೇಗ ಕೊಳೆಯುವುದಿಲ್ಲ. ಬಿಟ್ಟುಹೋದ ಬಲೆ ಯಾರೂ ಇಲ್ಲದೆಯೂ ಮೀನು, ಆಮೆ ಹಿಡಿಯುತ್ತಲೇ ಇರುತ್ತದೆ. ಬೋನಿನೊಳಗೆ ಸತ್ತ ಏಡಿ ಇನ್ನೊಂದು ಏಡಿಗೆ ಆಹಾರವಾಗುತ್ತದೆ, ಅದನ್ನು ತಿನ್ನಲು ಬಂದದ್ದೂ ಒಳಗೇ ಉಳಿಯುತ್ತದೆ. ಆದ್ದರಿಂದಲೇ ಬೋನಿನ ಒಂದು ಬದಿಯನ್ನು ಹತ್ತಿ ದಾರದಿಂದ ಕಟ್ಟುವುದು ನನಗೆ ಬಹಳ ಇಷ್ಟವಾದ ಪದ್ಧತಿ. ದಾರ ಕೊಳೆತು ಬಾಗಿಲು ತೆರೆದುಕೊಳ್ಳುತ್ತದೆ.

ಬಲೆ, ಬೋಯಾಗಳಿಗೆ ಮಾಲೀಕರ ಗುರುತು ಇರಬೇಕು ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) 2018ರಲ್ಲಿ ಮಾರ್ಗಸೂಚಿ ಒಪ್ಪಿಕೊಂಡಿದೆ. ಗುರುತಿದ್ದರೆ ಬೇರೆಯವರಿಗೆ ಸಿಕ್ಕಿದ ಬಲೆಯೂ ನಮ್ಮ ಕೈ ಸೇರುತ್ತದೆ. ಎಷ್ಟು ಹುಡುಕಿದರೂ ಸಿಗದಿದ್ದರೆ, ಕತ್ತಲಾಗುವ ಮೊದಲು ವಿಎಚ್‌ಎಫ್ ರೇಡಿಯೊದಲ್ಲಿ ಹತ್ತಿರದ ಬೋಟುಗಳಿಗೆ ಜಾಗ, ಬಲೆಯ ಉದ್ದ, ತೇಲುತ್ತಿದೆಯೋ ಇಲ್ಲವೋ ಅನ್ನುವುದನ್ನು ತಿಳಿಸಿ. ದಡಕ್ಕೆ ಬಂದ ಮೇಲೆ ಅದೇ ವಿವರವನ್ನು ಬಂದರಿನವರಿಗೂ ಬರೆದುಕೊಡಿ.